ಚಳಿ ದೇಶದ ದಾಸವಾಳ

ಸಂಕ್ರಾಂತಿ ಕಳೆದ ಮೇಲೆ ಪೂಜಿತಾ ಬಿಡುವು ಸಿಕ್ಕಾಗಲೆಲ್ಲ ಫೋನಿನಲ್ಲಿ ದಾಸವಾಳದ ಗಿಡಗಳನ್ನು ನೋಡುತ್ತ ಕೂತಿರುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ದೇವರಿಗೆ ಏರಿಸಲು ಬಾರದ ದಾಸವಾಳ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಗಂಡ ಸಿದ್ದಲಿಂಗೇಶ್ ಕೇಳಿದರೆ, "ಹೊಸ ಜಾತಿ ಏನರ ಸಿಗತಾವೇನಂತ ನೋಡಾಕತ್ತೀನ್ರಿ" ಎನ್ನುತ್ತಿದ್ದಳು.

"ಇದ್ದ ಗಿಡಕ್ಕ ಏನಾಗೇತಿ?"

"ಹಳೇದಾತಲ್ರಿ."

"ನಾನೂ ಹಳೇದಾಗೀನಿ. ನನ್ನೂ ಬದಲಿ ಮಾಡೀಗೀಡೀ, ನೋಡು" ಎಂದು ನಕ್ಕು ಆತ ಮುಸುಕೆಳೆದು ಮಲಗಿದ. ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ. ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ ಹೋಗುವ ಮನುಷ್ಯ. ನಿದ್ದೆ ಕೆಡುತ್ತಿದ್ದುದು ಪೂಜಿತಾಳದು.

ಇದ್ದದ್ದು ಬಿಳಿ ದಾಸವಾಳ. ಹೊಸಪೇಟೆಯಲ್ಲಿ ಕಾಲುವೆಯ ಕಡೆಗೆ ಇಳಿಯುವ ಆ ಓಣಿಯಲ್ಲಿ ಅವರದೇ ಕೊನೆಯ ಮನೆ. ಗೇಟಿನ ಪಕ್ಕ ಅತ್ತೆ ನೆಟ್ಟಿದ್ದ ಗಿಡ ಕಾಂಪೌಂಡನ್ನು ಮೀರಿ ಬೆಳೆದು, ಅತ್ತೆ ತೀರಿಕೊಂಡ ಮೇಲೂ ಮೈತುಂಬ ಹೂ ಬಿಡುತ್ತಿತ್ತು. ಬಿಳಿ ಹೂ ಶಿವನಿಗೆ ಶ್ರೇಷ್ಠ. ಬೆಳಕು ಹರಿಯುವ ಮೊದಲೇ ಎದುರು ಮನೆಯ ಅಕ್ಕನಾಗಮ್ಮ ಬುಟ್ಟಿ ಹಿಡಿದು, ಕೊಕ್ಕೆ ಕಟ್ಟಿದ ಕೋಲು ತಗೊಂಡು ಒಳಗೆ ಬರುತ್ತಿದ್ದಳು. ಅತ್ತೆಯ ಗೆಳತಿ, ಗಂಡ ಹಂಪಯ್ಯ ಹೋದ ಮೇಲೆ ಒಬ್ಬಳೇ ಇದ್ದಾಕೆ. ಸ್ನಾನ ಮುಗಿಸಿ, ಹಸಿ ಕೂದಲಿಗೆ ಟವೆಲ್ ಸುತ್ತಿಕೊಂಡು, ಟೊಂಗೆ ಎಳೆದು ಹೂ ಹರಿಯುತ್ತ, ಅಡುಗೆಮನೆಯ ಕಿಟಕಿಯ ಕಡೆ ತಿರುಗಿ ಒಂದು ಮಾತು ಒಗೆಯುತ್ತಿದ್ದಳು.

"ಇನ್ನಾ ಕಸ ಹೊಡದಿಲ್ಲೇನವಾ?"

ಇಲ್ಲವೇ, "ಇವತ್ತು ರಂಗೋಲಿ ಸಣ್ಣದಾತಲ್ಲ."

ಇಲ್ಲವೇ, "ನಿಮ್ಮತ್ತಿ ಇದ್ದಾಗ ಈ ಹೊತ್ತಿಗೆ ದೇವರ ಮುಂದ ದೀಪ ಇರ್ತಿತ್ತು."

ಅದರಲ್ಲಿ ವಿಷ ಇರಲಿಲ್ಲ. ಪೂಜಿತಾಳಿಗೆ ಅದು ಗೊತ್ತಿತ್ತು. ಆದರೂ ಗೇಟಿನ ಸಪ್ಪಳಕ್ಕೆ ಅವಳ ಎದೆ ಹಾರುತ್ತಿತ್ತು. ತಲೆ ಬಾಚಿದ್ದೇನೆಯೇ, ರಾತ್ರಿಯ ಪಾತ್ರೆ ಕಿಟಕಿಗೆ ಕಾಣುತ್ತಿವೆಯೇ, ಮಗ್ಗುಲ ಕೋಣೆಯಲ್ಲಿ ಗಂಡ ಬನಿಯನ್ನಿನಲ್ಲಿ ಮಲಗಿದ್ದು ಕಾಣುತ್ತದೆಯೇ ಎಂದು ಎಲ್ಲ ಒಮ್ಮೆ ನೋಡಿಕೊಳ್ಳುತ್ತಿದ್ದಳು. ಅಕ್ಕನಾಗಮ್ಮ ತನ್ನ ಪೂಜೆಗೆ ಸಾಕಾಗುವಷ್ಟು ಇಟ್ಟುಕೊಂಡು ಉಳಿದ ಹೂವನ್ನು ಓಣಿಯ ಮನೆಗಳಿಗೆ ಹಂಚಿ ಬರುತ್ತಿದ್ದಳು. ಒಮ್ಮೆ ಎರ್ರಮ್ಮನ ಮನೆಗೆ ಹೋದಾಗ ಪೂಜಿತಾಳ ಕಿವಿಗೇ ಬಿದ್ದಿತ್ತು: "ಅಕ್ಕನಾಗಮ್ಮನ ಹೂ ಅಂದ್ರ ಹೂ ನೋಡಮ್ಮ, ಸಂಜಿತನಕಾ ಬಾಡಂಗಿಲ್ಲ." ಗಿಡ ತನ್ನ ಅಂಗಳದ್ದು, ಹೆಸರು ಅವಳದು. ಇಷ್ಟು ಸಣ್ಣ ಮಾತಿಗೆ ನೋವಾಯಿತು ಎಂದು ಹೇಳಿಕೊಳ್ಳಲು ಪೂಜಿತಾಳಿಗೆ ನಾಚಿಕೆಯಾಗಿತ್ತು. ಹೇಳಿಕೊಳ್ಳಲಾಗದ್ದಕ್ಕೇ ಅದು ಮನಸ್ಸಿನಲ್ಲಿ ಕೂತಿತ್ತು.

ಬೇಡ ಎನ್ನಬಹುದಿತ್ತು. ಆದರೆ ಆ ಓಣಿಯಲ್ಲಿ ದೇವರ ಹೂವಿಗೆ ಬೇಡ ಅಂದವರಿಲ್ಲ. ಹೂ ಕೇಳಿ ಹರಿಯುವ ಪದ್ಧತಿಯೂ ಇಲ್ಲ. ಮುಂಜಾನೆ ಯಾರ ಅಂಗಳದಲ್ಲಿ ಅರಳಿದ್ದರೂ ಅದು ದೇವರದು. ಗೇಟಿಗೆ ಬೀಗ ಹಾಕಿದರೆ ಅದೊಂದು ಸುದ್ದಿ. ಹಾಗಾಗಿ ಪೂಜಿತಾ ಮಾತಿನಿಂದ ಆಗದ ಕೆಲಸವನ್ನು ಗಿಡದಿಂದ ಮಾಡಿಸಲು ಹೊರಟಳು.

ಆರಿಸುವಾಗ ಅವಳು ಬಹಳ ಲಕ್ಷ್ಯ ಕೊಟ್ಟಳು. ಕೆಂಪು ದಾಸವಾಳ ಗಣಪತಿಗೆ ಹೋಗುತ್ತದೆ, ಬೇಡ. ಸುತ್ತು ದಾಸವಾಳ ದೇವಿಗೆ ಹೋಗುತ್ತದೆ. ಮುಂಜಾನೆ ಬಿಳಿಯಾಗಿ ಅರಳಿ ಸಂಜೆಗೆ ಗುಲಾಬಿಯಾಗುವ ಬೆಟ್ಟದಾವರೆ ಚೆನ್ನಾಗಿತ್ತು, ಆದರೆ ಬಿಳಿಯಾಗಿದ್ದ ಹೊತ್ತಿನಲ್ಲೇ ಬುಟ್ಟಿ ಬರುತ್ತದೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಚಳಿ ದೇಶದ ದಾಸವಾಳ. ಹಿಮ ಬಿದ್ದಾಗ ನೆಲದ ಮೇಲಿನ ಕಾಂಡವೆಲ್ಲ ಒಣಗುತ್ತದೆ, ಬೇರು ಕೆಳಗೆ ಜೀವ ಹಿಡಿದಿರುತ್ತದೆ, ಬಿಸಿಲು ಬಂದಾಗ ಮತ್ತೆ ಚಿಗುರುತ್ತದೆ. ಹೂವೆಂದರೆ ಊಟದ ತಾಟಿನಷ್ಟು. ಹೊತ್ತೇರಿದ ಮೇಲೆ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಕಿತ್ತರೆ ಸ್ವಲ್ಪ ಹೊತ್ತಿಗೆ ಜೋತುಬೀಳುತ್ತದೆ. ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವವರು ಈ ಹೂ ಇಟ್ಟರೆ ಲಿಂಗವಿರಲಿ, ಅಂಗೈಯೇ ಕಾಣುವುದಿಲ್ಲ.

ಸಂಡೂರಿನಲ್ಲಿದ್ದ ನಾದಿನಿ ಸ್ಫೂರ್ತಿಗೆ ಫೋಟೋ ಕಳಿಸಿದಾಗ ಅವಳು ಫೋನ್ ಮಾಡಿ ನಕ್ಕಳು. "ನಮ್ಮ ಗುಡ್ಡದ ತಂಪಿಗಾದ್ರ ಬದುಕಿದ್ರೂ ಬದುಕೀತು ಅತ್ತಿಗಿ. ಹೊಸಪ್ಯಾಟಿ ಅಂದ್ರ ಕಾದ ಹೆಂಚು. ಚಳಿ ತಡೀತೈತಿ ಅಂತ ಗಿಡ ತಂದು ಹೆಂಚಿನ ಮ್ಯಾಲ ಇಡ್ತೀರೇನು?"

ಪೂಜಿತಾಳಿಗೂ ಅದೇ ಅನುಮಾನವಿತ್ತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು. ಚಳಿ ತಡೆಯುವ ಗುಣಕ್ಕೂ ಬಿಸಿಲು ತಡೆಯುವ ಗುಣಕ್ಕೂ ಸಂಬಂಧವಿಲ್ಲವೆಂದು ಗೊತ್ತಿತ್ತು. ಗಿಡ ಚೆನ್ನಾಗಿ ಬಂತು ಎಂದು ಬರೆದವರೆಲ್ಲ ಊಟಿ, ಶಿಮ್ಲಾ ಕಡೆಯವರು. ಆದರೆ ಈ ಜಾತಿ ಮೂಲದಲ್ಲಿ ಜೌಗಿನದು, ಬುಡದಲ್ಲಿ ಸದಾ ತೇವ ಇದ್ದರೆ ಸೆಕೆಯನ್ನೂ ತಡೆಯುತ್ತದೆ ಎಂದು ಒಂದು ಕಡೆ ಓದಿದಳು. ಗೇಟಿನ ಪಕ್ಕದಲ್ಲೇ ಬಚ್ಚಲ ನೀರು ಹೋಗುತ್ತಿತ್ತು. ಅಷ್ಟು ಸಾಕು ಎಂದುಕೊಂಡಳು. ಬಣ್ಣ ಆರಿಸುವಾಗ ಮೊದಲು ಬಿಳಿಯದನ್ನು ಬಿಟ್ಟಳು, ಆಮೇಲೆ ಕೆಂಪನ್ನು. ಕೊನೆಗೆ ಕುದಿಸಿದ ಬೀಟ್‌ರೂಟಿನಂಥ ಕಂದುಗೆಂಪಿನ ಒಂದು ಜಾತಿಗೆ ಬೆರಳೊತ್ತಿದಳು. ಆ ಬಣ್ಣವನ್ನು ಯಾವ ದೇವರೂ ಕೇಳಿದ್ದು ಅವಳಿಗೆ ಗೊತ್ತಿರಲಿಲ್ಲ.

ಹಳೆಯ ಗಿಡ ತೆಗೆಸಲು ಕಾರಣ ಬೇಕಿತ್ತು. ಕಾರಣ ಗಿಡದಲ್ಲೇ ಇತ್ತು. ಎಳೆಯ ತುದಿಗಳಿಗೆ ಹತ್ತಿಯಂಥ ಬಿಳಿ ಅಂಟಿಕೊಂಡಿತ್ತು. ಹಿಟ್ಟು ತಿಗಣೆ, ಪ್ರತಿ ವರ್ಷ ಬರುವಂಥದು. ಅತ್ತೆ ಇದ್ದಾಗ ಬೇರೆಯವರ ಕಣ್ಣಿಗೆ ಬೀಳುವ ಮೊದಲೇ ಸೋಪಿನ ನೀರು ಚಿಮುಕಿಸಿ ತೊಳೆದುಬಿಡುತ್ತಿದ್ದರು. ಈ ಸಲ ಪೂಜಿತಾ ತೊಳೆಯದೆ ಬಿಟ್ಟಳು. ಬಿಳಿ ಹಬ್ಬಿ ಎಲೆ ಮುದುಡಿದ ಮೇಲೆ ಗಿಡ ಕಡಿಯುವವನನ್ನು ಕರೆಸಿದಳು.

ಕೊಡಲಿ ನೋಡಿ ಅಕ್ಕನಾಗಮ್ಮ ಓಡಿಬಂದಳು. "ಏನವಾ ಇದು? ಟೊಂಗಿ ಸವರಾಕೇನು?"

"ಅಲ್ರಿ ಅಮ್ಮಾರ. ಗಿಡಕ್ಕ ರೋಗ ಬಂದೈತ್ರಿ. ವೈರಸ್ಸು."

ರೋಗ ಎಂದಷ್ಟೇ ಹೇಳಬೇಕೆಂದು ಅವಳು ಮಾತು ಜೋಡಿಸಿಟ್ಟುಕೊಂಡಿದ್ದಳು. ವೈರಸ್ ಎಂಬುದು ತಾನಾಗಿ ಬಂದುಬಿಟ್ಟಿತು.

"ಔಷಧಿ ಹೊಡಿಯಾಕ ಬರಂಗಿಲ್ಲೇನು?"

"ಇದಕ್ಕ ಔಷಧಿ ಇಲ್ರಿ. ಬುಡಸಮೇತ ಕಿತ್ತು ಸುಡಬೇಕು. ಬಿಟ್ರ ಬೆಂಡಿಗೂ ಹತ್ತತೈತಿ, ಹತ್ತಿಗೂ ಹತ್ತತೈತಿ. ಎಲ್ಲಾ ಒಂದ ಕುಟುಂಬದ ಗಿಡ."

ಕೊನೆಯ ಮಾತು ನಿಜ. ಅದನ್ನು ಹೇಳುವಾಗ ಅವಳ ದನಿ ಗಟ್ಟಿಯಾಗಿತ್ತು.

ಅಕ್ಕನಾಗಮ್ಮ ಬೊಡ್ಡೆಯ ಮೇಲೆ ಕೈಯಿಟ್ಟಳು. "ನಿಮ್ಮತ್ತಿ ಕೈಯಾರ ನೆಟ್ಟಿದ್ದು. ನಿನಗ ಎಷ್ಟು ಸಂಕಟ ಆಗಾಕತ್ತೈತೋ ಏನೋ. ನೀ ಒಳಗ ಹೋಗವಾ, ಇದನ್ನ ನೋಡಬ್ಯಾಡ. ನಾ ನಿಂತು ಕಡಿಸ್ತೀನಿ."

ಪೂಜಿತಾ ಒಳಗೆ ಹೋದಳು. ಕಿಟಕಿಯ ಪಕ್ಕ ಗೋಡೆಗೆ ಒರಗಿ, ಕೊಡಲಿಯ ಏಟು ಕೇಳುತ್ತ ನಿಂತಳು.

ಅದು ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದಳು. ಆದರೆ ಅಕ್ಕನಾಗಮ್ಮ ಮರುದಿನದಿಂದಲೇ ಮನೆ ಮನೆಗೆ ಹೋಗಿ ಎಚ್ಚರಿಸತೊಡಗಿದಳು. ಹೂ ಹಂಚಿ ಹಂಚಿ ರೋಗವನ್ನೂ ಹಂಚಿಬಿಟ್ಟೆನೇನೋ ಎಂಬ ಅಂಜಿಕೆ ಅವಳಿಗೆ. ಪೂಜಿತಾ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತ ಎಲ್ಲ ಕೇಳಿಸಿಕೊಂಡಳು.

"ಅಯ್ಯೋ ದೇವುಡಾ, ದಾಸವಾಳಕ್ಕೂ ಕೊರೋನಾ ಬಂತಾ?" ಎರ್ರಮ್ಮ ಎದೆ ಮೇಲೆ ಕೈಯಿಟ್ಟುಕೊಂಡಿದ್ದಳು. "ಹಂಗಾದ್ರ ಗಿಡಕ್ಕೂ ಒಂದು ಮಾಸ್ಕ್ ಹಾಕಿದ್ರ ಆತು."

"ನಗಬ್ಯಾಡ ಎರ್ರಮ್ಮ. ನಮ್ಮ ಪೂಜಿತಾ ಬಾಟನಿ ಓದ್ಯಾಳ. ಸುಮ್ಮ ಹೇಳಾಕಿ ಅಲ್ಲ ಅಕಿ."

ಎರ್ರಮ್ಮನ ಹಿತ್ತಲಿನ ಕೆಂಪು ದಾಸವಾಳ ಹೋಯಿತು. ಮೂಲೆಯ ಮನೆಯವರ ಕುಂಡಗಳು ಹೋದವು. ಪೂಜಿತಾ ಒದ್ದೆ ಸೀರೆಯ ಮರೆಯಲ್ಲಿ ನಿಂತು, ಕೆಳಗೆ ಹೋಗಿ ಒಂದು ಮಾತು ಹೇಳಬೇಕು ಎಂದುಕೊಂಡಳು. ಯಾವ ಮಾತಿನಿಂದ ಶುರು ಮಾಡಬೇಕೆಂದು ಯೋಚಿಸುವುದರೊಳಗೆ ಇನ್ನೊಂದು ಮನೆಯ ಗಿಡ ಹೋಗಿರುತ್ತಿತ್ತು.

ಹೊಸ ಗಿಡಗಳು ರಟ್ಟಿನ ಡಬ್ಬಿಯಲ್ಲಿ ಬಂದವು. ನೋಡಲು ಒಣಕಡ್ಡಿ, ಕೆಳಗೆ ಗಡ್ಡೆಯಂಥ ಬೇರು. ಅಕ್ಕನಾಗಮ್ಮ ಗೇಟಿನ ಹೊರಗೇ ನಿಂತು ನೋಡಿದಳು. ಗಿಡ ಹೋದ ಮೇಲೆ ಅವಳು ಒಳಗೆ ಬಂದಿರಲಿಲ್ಲ. "ಇದೂ ದಾಸವಾಳ ಅಂತೀಯಲ್ಲವಾ. ರೋಗ ಬಂದ ಜಾಗದಾಗ ಮತ್ತ ಅದನ್ನ ಹಾಕಿದ್ರ?"

"ಇದು ಚಳಿ ದೇಶದ್ದು ಅಮ್ಮಾರ. ಹಿಮದಾಗೂ ಬದುಕೂ ಜಾತಿ. ಇದಕ್ಕ ರೋಗ ಹತ್ತಂಗಿಲ್ಲ."

"ಹೌದಾ? ಹಂಗಾದ್ರ ಗಟ್ಟಿಮುಟ್ಟು" ಎಂದು ಅಕ್ಕನಾಗಮ್ಮ ತೃಪ್ತಿಯಿಂದ ತಲೆಯಾಡಿಸಿದಳು. ಪೂಜಿತಾ ಹೇಳಿದ್ದನ್ನೆಲ್ಲ ಅವಳು ಹಾಗೆಯೇ ತೆಗೆದುಕೊಳ್ಳುತ್ತಿದ್ದಳು.

ಹಿಮದಲ್ಲಿ ಬದುಕುವ ಗಿಡ ಹೊಸಪೇಟೆಯ ಬೇಸಿಗೆಯಲ್ಲಿ ಹೆಣಗಾಡಿತು. ಎಲೆಯ ಅಂಚು ಸುಟ್ಟ ಹಪ್ಪಳದಂತಾಯಿತು. ಬಚ್ಚಲ ನೀರು ಸಾಲದೆ ಪೂಜಿತಾ ಕೊಡದಲ್ಲಿ ನೀರು ಹೊತ್ತಳು. ಹಳೆಯ ಸೀರೆ ಕಟ್ಟಿ ನೆರಳು ಮಾಡಿದಳು. "ಮಗುವಿಗೂ ಇಷ್ಟು ಮಾಡಂಗಿಲ್ಲ ಬಿಡು" ಎಂದ ಸಿದ್ದಲಿಂಗೇಶ್. ಮುಂಜಾನೆ ಈಗ ಯಾರೂ ಬರುತ್ತಿರಲಿಲ್ಲ. ಆದರೂ ಅವಳಿಗೆ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎದುರು ಮನೆಯಲ್ಲಿ ಅಕ್ಕನಾಗಮ್ಮ ಸ್ನಾನ ಮುಗಿಸಿ, ಮಾರ್ಕೆಟ್ಟಿನಲ್ಲಿ ಹಿಂದಿನ ದಿನ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಕಂಪ್ಲಿ ಕಡೆಯ ಸೇವಂತಿಗೆಯನ್ನು ಒಂದೊಂದೇ ಬಿಡಿಸುವುದು ಕಾಣುತ್ತಿತ್ತು. ತಲೆಯೆತ್ತಿ ಈ ಕಡೆ ನೋಡುತ್ತಿರಲಿಲ್ಲ. ಪೂಜಿತಾಳೇ ಅವಳನ್ನು ನೋಡುತ್ತಿದ್ದಳು.

ಶ್ರಾವಣದಲ್ಲಿ ಮೊದಲ ಹೂ ಅರಳಿತು. ಓಣಿಯೆಲ್ಲ ನೋಡಲು ಬಂತು. "ತಾಟು ಬ್ಯಾಡ, ಇದರಾಗ ಊಟಕ್ಕ ಬಡಸ್ಬಹುದು ಬಿಡಮ್ಮ!" ಎಂದಳು ಎರ್ರಮ್ಮ. ಯಾರೋ ಫೋಟೋ ತೆಗೆದುಕೊಂಡರು. ಅಕ್ಕನಾಗಮ್ಮ ಹೂವಿನ ಮುಂದೆ ಬಾಗಿ, ಮುಟ್ಟದೆ ನೋಡಿದಳು. "ಭಾಳ ಚೆಂದ ಐತವಾ. ಇದು ದೇವರಿಗೆ ಬ್ಯಾಡ. ಗಿಡದಾಗ ಇರ್ಲಿ, ನೋಡಾಕ ಚೆಂದ." ಪೂಜಿತಾ ಇದೇ ಮಾತಿಗಾಗಿ ಈ ಗಿಡ ಆರಿಸಿದ್ದಳು. ಕೇಳಿದಾಗ ಅವಳಿಗೆ ಆ ಹೂವನ್ನು ಕಿತ್ತು ಎಲ್ಲಾದರೂ ಬಚ್ಚಿಡಬೇಕೆನಿಸಿತು.

ಕೆಲವು ದಿನಗಳಲ್ಲಿ ಹೊಸ ಮೊಗ್ಗುಗಳ ತೊಟ್ಟಿಗೆ ಹತ್ತಿಯಂಥ ಬಿಳಿ ಕಾಣಿಸಿಕೊಂಡಿತು. ಅದೇ ಹಿಟ್ಟು ತಿಗಣೆ. ಪೂಜಿತಾ ಓಣಿ ಖಾಲಿಯಿದ್ದ ಮಧ್ಯಾಹ್ನ ನೋಡಿ, ಮಗ್ಗಿನಲ್ಲಿ ಸೋಪು ಕದಡಿ, ಹಳೆಯ ಬಟ್ಟೆ ಅದ್ದಿ ಒರೆಸಿದಳು. ಹೋಯಿತು. ಎರಡು ಸಲ ಒರೆಸಿದ ಮೇಲೆ ಕುರುಹೂ ಇರಲಿಲ್ಲ. ನೊರೆಯ ಮೇಲೆ ಮಣ್ಣೆಳೆದು, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿ ಒಳಗೆ ಬಂದಳು.

ಆ ಭಾನುವಾರ ಬೆಳಿಗ್ಗೆ ಅಕ್ಕನಾಗಮ್ಮ ಬಾಗಿಲಿಗೆ ಬಂದಳು. ಹೊರಗೆ ಹೋಗುವ ಸೀರೆ ಉಟ್ಟಿದ್ದಳು.

"ಒಂದು ಉಪಕಾರ ಮಾಡ್ತಿಯೇನವಾ? ನನ್ನ ಜೋಡಿ ಮಲಪನಗುಡಿಗೆ ಬರ್ತಿಯಾ?"

"ಏನ್ರಿ ಅಮ್ಮಾರ?"

"ನಮ್ಮ ಮನಿಯವರ ಗದ್ದಿಗಿ ಮಗ್ಗಲ ಒಂದು ದಾಸವಾಳ ಐತಿ. ಅವರನ್ನ ಮಣ್ಣು ಮಾಡಿದ ವರ್ಷ ನಿಮ್ಮತ್ತಿನ ನಿಮ್ಮ ಗಿಡದ ಟೊಂಗಿ ಮುರದು ಕೊಟ್ಟಿದ್ಲು. ಈಗ ದೊಡ್ಡದಾಗಿ ಗದ್ದಿಗಿ ತುಂಬ ನೆರಳು ಮಾಡೈತಿ. ಅದಕ್ಕ ಬಿಳೇದು ಹತ್ತೇತಂತ. ಸುತ್ತ ಜಡೆಪ್ಪ ಬೆಂಡಿ ಹಾಕ್ಯಾನ." ಜಡೆಪ್ಪ ಅವಳ ಮೈದುನ, ಹೊಲ ನೋಡಿಕೊಳ್ಳುವವನು. "ನೀ ಹೇಳಿದ್ದಿಯಲ್ಲ, ಬೆಂಡಿಗೂ ಹತ್ತತೈತಿ ಅಂತ. ಅದನ್ನ ನಾನ ಅವಗ ಹೇಳಿಬಿಟ್ಟೆ. ಈಗ ಕಡೀತೀನಿ ಅಂತ ಕುಂತಾನ. ನಾಳೆ ಶ್ರಾವಣ ಸ್ವಾಮಾರ, ನಾಳೆ ಕಡಿಯಾಂಗಿಲ್ಲ, ಇವತ್ತ ಆಗಬೇಕಂತ. ನೀ ಒಂದ್ಸಲ ಕಣ್ಣಿಲೆ ನೋಡಿ, ಬ್ಯಾಡ ಅಂದ್ರ ಅವ ಬಿಡ್ತಾನ. ಕಡೀರಿ ಅಂದ್ರ…" ಅವಳು ಸೆರಗಿನ ತುದಿ ಮಡಚಿದಳು. "ಕಡೀರಿ ಅಂದ್ರ ಕಡಿಸ್ತೀನಿ. ನಿನ್ನ ಮಾತು ಆದ್ರ ನನಗ ಸಮಾಧಾನ."

ಆಟೋದಲ್ಲಿ ಪೂಜಿತಾಳ ತಲೆಯಲ್ಲಿ ಒಂದೇ ಲೆಕ್ಕ ನಡೆದಿತ್ತು. ಗಿಡಕ್ಕೆ ಬೇರೆ ಏನಾದರೂ ಆಗಿರಲಿ, ದೂಳು ಕೂತಿರಲಿ, ಬೂದಿ ರೋಗವಾಗಿರಲಿ. ಆಗ ಇದು ಬೇರೆ, ಇದಕ್ಕೆ ಔಷಧಿ ಇದೆ ಎಂದುಬಿಡಬಹುದು. ಗಿಡವೂ ಉಳಿಯುತ್ತದೆ, ತಾನೂ ಉಳಿಯುತ್ತೇನೆ. ಪಕ್ಕದಲ್ಲಿ ಅಕ್ಕನಾಗಮ್ಮ, ಆಟೋ ಕುಲುಕಿದಾಗಲೆಲ್ಲ ಅವಳ ಮೊಣಕೈ ಹಿಡಿದುಕೊಳ್ಳುತ್ತ, ತನ್ನ ಗಂಡ ಬದುಕಿದ್ದಾಗ ಒಂದು ಹೂ ಕಿತ್ತು ಮನೆಗೆ ತಂದವನಲ್ಲ, ಈಗ ಮೈಮೇಲೆ ಹೂ ಸುರುವಿಕೊಂಡು ಮಲಗಿದ್ದಾನೆ ಎಂದು ಹೇಳಿ ನಗುತ್ತಿದ್ದಳು.

ಗದ್ದುಗೆ ಹೊಲದ ಮೂಲೆಯಲ್ಲಿತ್ತು. ಸುಣ್ಣ ಬಳಿದ ಕಟ್ಟೆ, ಮೇಲೆ ಬಾಗಿದ ದಾಸವಾಳ. ಬಿಳಿ ಹೂಗಳು ಕಟ್ಟೆಯ ಮೇಲೆ ಉದುರಿದ್ದವು. ಜಡೆಪ್ಪ ಲುಂಗಿ ಎತ್ತಿಕಟ್ಟಿ, ಕೊಡಲಿಯನ್ನು ಕಟ್ಟೆಗೆ ಒರಗಿಸಿ ಕಾಯುತ್ತಿದ್ದ.

"ಬರ್ರಿ ಡಾಕ್ಟರ್ ಮೇಡಮ್ಮಾರ. ಪೇಷಂಟ್ ಇಲ್ಲೇ ಐತಿ, ನೋಡ್ರಿ."

ಪೂಜಿತಾ ಒಂದು ತುದಿಯನ್ನು ಬಗ್ಗಿಸಿ ನೋಡಿದಳು. ಎಲೆಯ ಕಂಕುಳಲ್ಲಿ ಹತ್ತಿಯಂಥ ಬಿಳಿ. ಬೆರಳಿಗೆ ಅಂಟಿತು. ಬೇರೇನೂ ಅಲ್ಲ. ಅಕ್ಕನಾಗಮ್ಮ ಅವಳ ಭುಜದ ಮೇಲಿಂದ ಬಾಗಿ ನೋಡುತ್ತಿದ್ದಳು.

"ನಿಮ್ಮ ಗಿಡದಾಗ ಇದ್ದದ್ದು ಇದ ಅಲ್ಲೇನವಾ?"

"ಹಂಗ… ಹಂಗ ಕಾಣತೈತ್ರಿ."

"ಹಂಗಾದ್ರ ಮುಗೀತಲ್ಲ" ಎಂದ ಜಡೆಪ್ಪ.

"ಇರ್ರಿ ಅಣ್ಣಾರ. ಕಾಣಾಕ ಹಂಗ ಕಂಡ್ರೂ… ಎಷ್ಟೋ ಸಲ ಬ್ಯಾರೆನೂ ಇರ್ತೈತಿ. ಸ್ವಲ್ಪ ದಿನ ನೋಡಿ…"

"ಸ್ವಲ್ಪ ದಿನ ನೋಡಾಕ ನನ್ನ ಬೆಂಡಿ ಕಾಯಿ ಹಿಡ್ಯಾಕತ್ತೈತ್ರೀ ಮೇಡಮ್ಮಾರ. ರೋಗ ಐತೋ ಇಲ್ಲೋ, ಒಂದ ಮಾತು ಹೇಳ್ರಿ."

ಪೂಜಿತಾ ಬೆರಳಿಗೆ ಅಂಟಿದ್ದನ್ನು ಉಜ್ಜುತ್ತ ನಿಂತಳು. ಇದಕ್ಕೆ ಸೋಪಿನ ನೀರು ಸಾಕು ಎಂದರೆ, ತಾನು ಕಡಿಸಿದ ಗಿಡಕ್ಕೂ ಸಾಕಾಗುತ್ತಿತ್ತು. ಈ ಗಿಡವನ್ನು ಉಳಿಸುವ ಮಾತು ಯಾವ ಕಡೆಯಿಂದ ಹೇಳಿದರೂ ಆ ಗಿಡದ ಕತೆಗೇ ಬಂದು ನಿಲ್ಲುತ್ತಿತ್ತು. ಅವಳು ಇನ್ನೊಂದು ಮಾತು ಹುಡುಕಿದಳು.

ಅಕ್ಕನಾಗಮ್ಮ ಅವಳ ಮುಖ ನೋಡಿ ಬೇರೆಯೇ ತಿಳಿದುಕೊಂಡಳು. "ಅಕಿಗೆ ಹೇಳಾಕ ಬಾಯಿ ಬರವಲ್ದು ಜಡೆಪ್ಪ. ನನಗ ನೋವಾಗತೈತಂತ." ಪೂಜಿತಾಳ ಕೈ ಒತ್ತಿ ಹಿಂದಕ್ಕೆ ಸರಿಸಿದಳು. "ಇರ್ಲಿ ಬಿಡವಾ. ನೀನೂ ನಿಮ್ಮತ್ತಿ ಗಿಡ ಕಡಿಸೀಯಲ್ಲ, ನಾನೂ ತಡಕೋತೀನಿ. ಕಡಿ ನೀ."

ಜಡೆಪ್ಪ ಕೊಡಲಿ ಎತ್ತಿದ. ಮೊದಲ ಏಟಿಗೆ ಗದ್ದುಗೆಯ ಕಡೆ ಬಾಗಿದ್ದ ದೊಡ್ಡ ಟೊಂಗೆ ಅರ್ಧ ಸೀಳಿತು. ಎರಡನೆಯದಕ್ಕೆ ಹೂ ಮೊಗ್ಗುಗಳ ಸಮೇತ ಕಟ್ಟೆಯ ಮೇಲೆ ಬಿತ್ತು.

"ಬ್ಯಾಡ್ರಿ! ಸೋಪಿನ ನೀರಿಗೆ ಹೋಗ್ತೈತಿ ಅದು. ನಿಲ್ಲಸ್ರಿ!"

ದನಿ ತನ್ನದೇ ಎಂದು ಪೂಜಿತಾಳಿಗೆ ಗೊತ್ತಾಗುವುದರೊಳಗೆ ಜಡೆಪ್ಪ ಕೊಡಲಿ ಇಳಿಸಿದ್ದ.

"ಏನಂದ್ರಿ?"

"ಸೋಪಿನ ನೀರು ಹೊಡದು ತೊಳದ್ರ ಹೋಗ್ತೈತ್ರಿ. ವೈರಸ್ ಅಲ್ಲ ಅದು. ಸಣ್ಣ ಹುಳ. ಬೆಂಡಿಗೆ ಬಂದ್ರೂ ತೊಳದ್ರ ಹೋಗ್ತೈತಿ."

ಅಕ್ಕನಾಗಮ್ಮನ ಮುಖದಲ್ಲಿ ಮೊದಲು ಬಂದದ್ದು ಸಂತೋಷ. "ಹೌದಾ? ಹಂಗಾದ್ರ ಉಳೀತೈತಿ ಇದು?" ಆಮೇಲೆ ಅವಳು ಬಿದ್ದ ಟೊಂಗೆಯನ್ನೂ ಪೂಜಿತಾಳನ್ನೂ ನೋಡಿದಳು. "ಮತ್ತ ನಿಮ್ಮದು? ಅದಕ್ಕ ಯಾಕ ತೊಳೀಲಿಲ್ಲ? ನಿನಗ ಆವಾಗ ಗೊತ್ತಿದ್ದಿಲ್ಲೇನು?"

ಗೊತ್ತಿರಲಿಲ್ಲ, ಆಮೇಲೆ ಓದಿ ತಿಳಿಯಿತು ಎನ್ನುವ ದಾರಿ ಇನ್ನೂ ತೆರೆದಿತ್ತು. ಅಕ್ಕನಾಗಮ್ಮ ತಾನಾಗಿಯೇ ಅದನ್ನು ತೆರೆದು ಕೊಟ್ಟಿದ್ದಳು. ಪೂಜಿತಾ ನೆಲ ನೋಡುತ್ತ ಹೇಳಿದಳು, "ಗೊತ್ತಿತ್ರಿ."

"ಗೊತ್ತಿದ್ದೂ ಕಡಿಸಿದಿ? ಯಾಕವಾ?"

"ನೀವು ಮುಂಜೇಲೆ ಬರತಿದ್ರಲ್ಲ. ಹೂವಿಗೆ. ಬರಬಾರದಂತ."

ಜಡೆಪ್ಪ ಮೊದಲು ಗಟ್ಟಿಯಾಗಿ ನಕ್ಕ. "ಹೂ ಕೊಡಂಗಿಲ್ಲ ಅನ್ನಾಕ ಓದಿದ ಮಂದಿ ವೈರಸ್ ತರಿಸ್ಬೇಕಾತು ನೋಡು ಅತ್ತಿಗೆಮ್ಮ! ನಾವಾದ್ರ ನಾಯಿ ಕಟ್ತಿದ್ವಿ."

"ನೀ ಸುಮ್ನಿರೋ." ಅಕ್ಕನಾಗಮ್ಮ ಕಟ್ಟೆಯ ಮೇಲೆ ಕೂತಳು. ಬಿದ್ದ ಟೊಂಗೆಯ ಎಲೆಗಳನ್ನು ಸರಿಸುತ್ತಿದ್ದಳು. ಬೈದಿದ್ದರೆ ಪೂಜಿತಾ ತಲೆ ಬಾಗಿಸಿ ಕೇಳುತ್ತಿದ್ದಳು.

"ಬ್ಯಾಡ ಅಂತ ಒಂದು ಮಾತು ಅಂದಿದ್ರ ನಾ ಬರ್ತಿದ್ದಿಲ್ಲಲ್ಲವಾ" ಎಂದಳು ಕೊನೆಗೆ. "ಸಿಟ್ಟಿಗೂ ಬರ್ತಿದ್ದಿಲ್ಲ. ನನ್ನ ಬಾಯಿ ಸ್ವಲ್ಪ ಜಾಸ್ತಿ ಅಂತ ನನಗೂ ಗೊತ್ತೈತಿ." ಏನೋ ನೆನಪಾದವಳಂತೆ ತಲೆಯೆತ್ತಿದಳು. "ಓಣಿ ಮಂದಿ ಗಿಡ ಎಲ್ಲಾ ನಾನ ಕೀಳಿಸೀನಿ. ಎರ್ರಮ್ಮ ಬ್ಯಾಡ ಅಂದ್ರೂ ಕೈ ಹಿಡದು ಹೇಳಿ ಕೀಳಿಸೀನಿ. ಅವರಿಗೆ ನಾ ಏನಂತ ಹೇಳ್ಲಿ?"

"ನಾ ಹೇಳ್ತೀನ್ರಿ ಅಮ್ಮಾರ."

"ಏನಂತ ಹೇಳ್ತಿ?"

ಪೂಜಿತಾ ಬಿದ್ದ ಟೊಂಗೆಯ ಕಡೆ ನೋಡಿದಳು.

ಜಡೆಪ್ಪ ಪಂಪ್‌ಸೆಟ್ಟಿನ ಹತ್ತಿರದಿಂದ ಬಕೆಟ್ಟು, ಬಟ್ಟೆ ಸೋಪಿನ ತುಂಡು ತಂದು ಅವಳ ಮುಂದೆ ಇಟ್ಟ. ಈಗ ಅವನು ನಗುತ್ತಿರಲಿಲ್ಲ. ಪೂಜಿತಾ ಸೆರಗು ಸಿಕ್ಕಿಸಿಕೊಂಡು, ನೊರೆ ಬರುವ ತನಕ ಕದಡಿ, ಉಳಿದ ಟೊಂಗೆಗಳ ತುದಿಗಳನ್ನು ಒಂದೊಂದಾಗಿ ತೊಳೆದಳು. ಎತ್ತರದವನ್ನು ಜಡೆಪ್ಪ ಬಗ್ಗಿಸಿ ಹಿಡಿದ. ಗದ್ದುಗೆಯ ಕಡೆ ನೆರಳು ಮಾಡುತ್ತಿದ್ದ ಟೊಂಗೆಯ ಜಾಗದಲ್ಲಿ ಹಸಿ ಬಿಳಿ ಗಾಯ ಇತ್ತು. ಕಟ್ಟೆಯ ಅರ್ಧಕ್ಕೆ ಬಿಸಿಲು ಬಿದ್ದಿತ್ತು. ಅಕ್ಕನಾಗಮ್ಮ ಆ ಬಿಸಿಲಿನಲ್ಲೇ ಕೂತು, ಬಿದ್ದ ಟೊಂಗೆಯಿಂದ ನಾಳೆಗೆ ಅರಳುವ ಮೊಗ್ಗುಗಳನ್ನು ಬಿಡಿಸಿ ಒದ್ದೆ ಬಟ್ಟೆಯಲ್ಲಿ ಹಾಕಿಕೊಳ್ಳುತ್ತಿದ್ದಳು. ಪೂಜಿತಾ ಎರಡು ಸಲ ಏನೋ ಹೇಳಲು ತಿರುಗಿದಳು. ಎರಡು ಸಲವೂ ಅಕ್ಕನಾಗಮ್ಮ ಮೊ​ಗ್ಗುಗಳ ಮೇಲಿನ ಕಣ್ಣು ತೆಗೆಯಲಿಲ್ಲ.

ರಸ್ತೆಯಲ್ಲಿ ಆಟೋದವನು ಹಾರನ್ ಹೊಡೆದ. ಪೂಜಿತಾ ಕೈ ಒರೆಸಿಕೊಂಡು ಹತ್ತಿರ ಹೋದಳು. "ಹೋಗೋಣೇನ್ರಿ ಅಮ್ಮಾರ?"

"ನೀವು ಹೋಗ್ರಿ. ನಾ ಬಸ್ಸಿಗೆ ಬರ್ತೀನಿ."

"ಬಿಸಲೈತಿ ಅಮ್ಮಾರ…"

"ಜಡೆಪ್ಪ ಬಸ್ಸಿಗೆ ಹತ್ತಿಸ್ತಾನ. ಹೋಗ್ರಿ."

ಆಟೋದ ಸೀಟಿನಲ್ಲಿ ಪಕ್ಕದ ಜಾಗ ಖಾಲಿಯಿತ್ತು. ಪೂಜಿತಾ ಅತ್ತ ನೋಡದೆ ಕೂತಳು. ಅಕ್ಕನಾಗಮ್ಮನ ಬಸ್ಸು ಬರುವುದರೊಳಗೆ ಮುಗಿಸಬೇಕು ಎಂಬುದೊಂದೇ ಅವಳಿಗೆ ಹೊಳೆದಿತ್ತು. ಆಕೆ ಓಣಿಗೆ ಕಾಲಿಡುವಾಗ ಯಾರ ಮುಂದೆಯೂ ತಲೆ ತಗ್ಗಿಸುವಂತಾಗಬಾರದು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಜೋಡಿಸಿದ್ದೆಲ್ಲ ಎಲ್ಲೋ ಒಂದು ಕಡೆ ತನ್ನನ್ನು ಉಳಿಸಿಕೊಳ್ಳುವ ಮಾತಾಗಿಯೇ ಬರುತ್ತಿತ್ತು. ಗಂಡನಿಗೆ ನಿದ್ದೆ ಕೆಡುತ್ತಿತ್ತು ಎಂದು ಸೇರಿಸಿದಳು, ಅದು ಸುಳ್ಳು, ತೆಗೆದಳು. ನನಗೂ ಸರಿಯಾಗಿ ಗೊತ್ತಿರಲಿಲ್ಲ ಎಂದು ಸೇರಿಸಿದಳು, ಅದನ್ನೂ ತೆಗೆದಳು. ಊರೊಳಗೆ ಬರುವ ಹೊತ್ತಿಗೆ ಬಹಳ ಕಡಿಮೆ ಮಾತು ಉಳಿದಿತ್ತು.

ತನ್ನ ಮನೆಗೆ ಹೋಗದೆ ಓಣಿಯ ಬಾಯಲ್ಲೇ ಇಳಿದು ಎರ್ರಮ್ಮನ ಬಾಗಿಲು ತಟ್ಟಿದಳು. ಎರ್ರಮ್ಮ ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದಳು. ಒಳಗೆ ಮೂಲೆಮನೆಯವಳೂ ಕೂತಿದ್ದಳು.

"ಬಾರಮ್ಮಾ, ಬಾ! ನೂರು ವರ್ಷ ನಿನಗ. ಈಗ ನಿನ್ನ ಹೂವಿನ ಮಾತೇ ಆಡಾಕತ್ತಿದ್ವಿ. ಆ ಚಳಿ ದೇಶದ ದಾಸವಾಳದ್ದು ನಮಗೂ ಒಂದೊಂದು ಟೊಂಗಿ ಕೊಡು. ರೋಗ ಬರಲಾರದ್ದು ಅಂತಲ್ಲ, ಹಿತ್ತಲ ಬರೇ ಬೋಳಾಗಿ ಕುಂತೈತಿ. ಅಲ್ಲ, ಇದೇನು, ಸೀರೆಲ್ಲ ತೊಯ್ಸಿಕೊಂಡೀಯಲ್ಲ? ಕುಂದ್ರು ಬಾ, ಚಾ ಇಡ್ತೀನಿ."

"ಕುಂದರಂಗಿಲ್ರಿ ಎರ್ರಮ್ಮಕ್ಕ" ಎಂದಳು ಪೂಜಿತಾ ಹೊಸ್ತಿಲ ಹೊರಗೇ ನಿಂತು. "ಚಾನೂ ಬ್ಯಾಡ. ನಿಮ್ಮ ಗಿಡಕ್ಕ ಯಾವ ರೋಗನೂ ಇದ್ದಿಲ್ಲ. ಅಕ್ಕನಾಗಮ್ಮಾರದು ತಪ್ಪಿಲ್ಲ. ನಾ ಸುಳ್ಳು ಹೇಳಿದ್ದೆ."